ಕೋಟಾ ಪುಸ್ತಕದ ಮುಂದೆ ಕೈ ಸೋತಾಗ

ದಂತ ವೈದ್ಯಕೀಯ ಕಾಲೇಜಿನಲ್ಲಿ, ಮೂರನೇ ವರ್ಷದ ಮೊದಲ ತಿಂಗಳಲ್ಲಿ ‘ಪಾಂಡವಪುರದ ಅಜ್ಜಿ ಬಂದ್ರಾ?’ ಎಂದು ಕೇಳುತ್ತಿದ್ದ ಹುಡುಗಿ, ಕೊನೆಯ ವರ್ಷದ ಫೆಬ್ರವರಿ ಹೊತ್ತಿಗೆ ‘36 ಬಂತಾ?’ ಎಂದು ಕೇಳತೊಡಗುತ್ತಾಳೆ. 36 ಅಂದರೆ ಕೆಳಗಿನ ಎಡಗಡೆಯ ಮೊದಲನೇ ದವಡೆಹಲ್ಲು. ಬಾಯಿಯನ್ನು ನಾಲ್ಕು ಭಾಗ ಮಾಡಿ, ಭಾಗಕ್ಕೊಂದು ಅಂಕಿ, ಹಲ್ಲಿಗೊಂದು ಅಂಕಿ ಕೊಡುವ ಪದ್ಧತಿಯಲ್ಲಿ ಆ ಹಲ್ಲಿನ ಹೆಸರು ಅದು. ಕೇಸ್‌ಶೀಟಿನಲ್ಲಿ ಹಾಗೇ ಬರೆಯಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಅಜ್ಜಿ ಇದ್ದ ಜಾಗದಲ್ಲಿ ಅಂಕಿ ಬಂದು ಕೂತಿದೆ ಎಂದರೆ ಆ ಹುಡುಗಿ ಒಳಗೊಳಗೇ ರೋಸಿಹೋಗಿದ್ದಾಳೆ. ಅವಳಿಗೆ ಅದು ಗೊತ್ತಿರುವುದಿಲ್ಲ. ಪಕ್ಕದ ಚೇರಿನಲ್ಲಿ ಕೆಲಸ ಮಾಡುವವರ ಕಿವಿಗೆ ಮೊದಲು ಬೀಳುತ್ತದೆ.

ಸುಸ್ತು ಬೇರೆ, ರೋಸಿಹೋಗುವುದು ಬೇರೆ. ಸುಸ್ತಾದವರು ಭಾನುವಾರ ಹತ್ತು ಗಂಟೆವರೆಗೆ ಮಲಗಿ, ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದರೆ ಸೋಮವಾರಕ್ಕೆ ಸರಿಹೋಗುತ್ತಾರೆ. ರೋಸಿಹೋದವರಿಗೆ ಸೋಮವಾರದ ಯೋಚನೆ ಭಾನುವಾರ ಮಧ್ಯಾಹ್ನವೇ ಹೊಟ್ಟೆಯಲ್ಲಿ ಕಲಸತೊಡಗುತ್ತದೆ. ‘ಬರ್ನ್‌ಔಟ್’ ಎಂಬ ಮಾತನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು, 1974ರಲ್ಲಿ. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯಲು ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಅವರು ಗುರುತಿಸಿದ್ದು ಮೂರು ಎಳೆ: ಮನಸ್ಸು ಬತ್ತಿಹೋಗುವುದು, ಎದುರಿಗಿರುವವರು ಮನುಷ್ಯರೆನ್ನುವುದೇ ಮರೆಯುವುದು, ತನ್ನ ಕೈಯಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ‘36 ಬಂತಾ’ ಎರಡನೆಯ ಎಳೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯ ಹನ್ನೊಂದನೇ ಪರಿಷ್ಕರಣೆಯಲ್ಲಿ ಬರ್ನ್‌ಔಟನ್ನು ಸೇರಿಸುವಾಗ, ಇದು ಕಾಯಿಲೆಯಲ್ಲ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಎಂದು ಸ್ಪಷ್ಟವಾಗಿ ಬರೆಯಿತು. ಆ ಮಾತು ನಮಗೆ ಮುಖ್ಯ. ಕೆಲಸದ ಜಾಗದಿಂದ ಹುಟ್ಟುವುದಾದರೆ, ಕೆಲಸದ ಯಾವ ಮೂಲೆಯಿಂದ ಹುಟ್ಟುತ್ತದೆ ಎಂದು ಹುಡುಕಬೇಕು.

ಮೈಸೂರಿನಲ್ಲಿ ದಂತ ವೈದ್ಯರ ಪದವಿ ಬಿಡಿಎಸ್ ಮುಗಿಸಿ, ಈಗ ಜೂನಿಯರ್‌ಗಳ ಪುಸ್ತಕಕ್ಕೆ ಸೈನ್ ಹಾಕುವ ನಾವು ಕೆಲವರು ಹುಡುಕಿ ಕಂಡುಕೊಂಡ ಮೂಲೆ ಕೋಟಾ, ಅಂದರೆ ಪ್ರತಿ ವಿದ್ಯಾರ್ಥಿ ರೋಗಿಗಳ ಮೇಲೆ ಮಾಡಿ ಮುಗಿಸಬೇಕಾದ ಕೆಲಸಗಳ ಲೆಕ್ಕ. ಓದು ಭಾರವೇ, ಇಲ್ಲವೆನ್ನುವುದಿಲ್ಲ. ನಾಲ್ಕು ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಮೇಣದ ಬಿಲ್ಲೆಯಲ್ಲಿ ಹಲ್ಲು ಕೆತ್ತುವುದು, ಎರಡನೇ ವರ್ಷ ಪ್ಲಾಸ್ಟರು, ಅಕ್ರಿಲಿಕ್, ಫ್ಯಾಂಟಮ್ ತಲೆಯ (ಅಭ್ಯಾಸಕ್ಕಿಟ್ಟ ಗೊಂಬೆ ತಲೆಯ) ಮೇಲೆ ಕ್ಯಾವಿಟಿ ಕೊರೆಯುವುದು. ಕೊನೆಯ ವರ್ಷಕ್ಕೆ ಒಟ್ಟಿಗೆ ಎಂಟು ವಿಷಯ. ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆಬೇರೆಯಾಗಿ ಶೇ. 50 ಬರಬೇಕು, ಹಾಜರಿ ಎರಡರಲ್ಲೂ ಶೇ. 75 ಇರಬೇಕು. ಇಷ್ಟನ್ನೂ ಮಕ್ಕಳು ಹೇಗೋ ತೂಗಿಸುತ್ತಾರೆ, ಏಕೆಂದರೆ ಕೂತು ಓದಿದರೆ ಮುಗಿಯುವ ಕೆಲಸ ಅದು. ಕೋಟಾ ಹಾಗಲ್ಲ. ಇಷ್ಟು ಹಲ್ಲು ಕೀಳಬೇಕು, ಇಷ್ಟು ಬಾಯಿ ಕ್ಲೀನ್ ಮಾಡಬೇಕು, ಇಷ್ಟು ಹುಳುಕು ಹಲ್ಲಿಗೆ ಸಿಮೆಂಟು ತುಂಬಬೇಕು, ಇಷ್ಟು ಪೂರ್ತಿ ಸೆಟ್ಟು ಹಲ್ಲು ಕಟ್ಟಬೇಕು. ಲೆಕ್ಕ ಕಾಲೇಜಿನಿಂದ ಕಾಲೇಜಿಗೆ ಬೇರೆ. ಎಲ್ಲ ಕಡೆ ಒಂದೇ ಆಗಿರುವುದು ಇದು: ಲೆಕ್ಕ ವಿದ್ಯಾರ್ಥಿಯದು, ಬಾಯಿ ಇನ್ನೊಬ್ಬರದು. ಆ ಇನ್ನೊಬ್ಬರು ಬಂದರೆ ಉಂಟು, ಬಾರದಿದ್ದರೆ ಇಲ್ಲ. ಎಷ್ಟು ದುಡಿದರೂ ಫಲ ತನ್ನ ಹಿಡಿತದಲ್ಲಿಲ್ಲ ಎನ್ನುವ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದರೆ ಯಾರಾದರೂ ರೋಸಿಹೋಗುತ್ತಾರೆ.

ಒಂದೇ ಒಂದು ಪೂರ್ತಿ ಸೆಟ್ಟಿನ ಕೇಸ್ ಹಿಡಿದು ನೋಡಿದರೆ ಇದು ಅರ್ಥವಾಗುತ್ತದೆ.

ಮೊದಲ ದಿನ ಕೇಸ್‌ಶೀಟ್ ಬರೆದು, ಇಂಪ್ರೆಷನ್ ಕಾಂಪೌಂಡನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ವಸಡಿನ ಅಚ್ಚು ತೆಗೆಯುವುದು. ಅದಕ್ಕೆ ಪ್ಲಾಸ್ಟರ್ ಹುಯ್ದು, ಆ ಅಚ್ಚಿನ ಮೇಲೆ ಆ ಬಾಯಿಗೇ ಒಪ್ಪುವ ಸ್ಪೆಷಲ್ ಟ್ರೇ ಮಾಡಬೇಕು. ಟ್ರೇಯನ್ನು ಹಿಂದಿನ ದಿನವೇ ಮಾಡಿಟ್ಟಿರಬೇಕು. ಬೆಳಿಗ್ಗೆ ಮಾಡಿ ಮಧ್ಯಾಹ್ನ ಬಾಯಿಗಿಟ್ಟರೆ ಅಕ್ರಿಲಿಕ್ ಇನ್ನೂ ಕುಗ್ಗುತ್ತಲೇ ಇರುತ್ತದೆ, ಅಚ್ಚು ತಪ್ಪುತ್ತದೆ. ಎರಡನೇ ಸಲ ರೋಗಿ ಬಂದಾಗ ಅಚ್ಚಿನ ವಸ್ತುವಿನ ಹಸಿರು ಕಡ್ಡಿಯನ್ನು ದೀಪದ ಉರಿಯಲ್ಲಿ ಕರಗಿಸಿ, ಟ್ರೇಯ ಅಂಚಿಗೆ ಚೂರುಚೂರಾಗಿ ಹಚ್ಚಿ, ತುಟಿ ಕೆನ್ನೆ ನಾಲಿಗೆ ಆಡಿಸಿ ಅಂಚು ಕೂಡಿಸುವುದು. ಹೊಸಬರ ಬೆಳಿಗ್ಗೆಯೆಲ್ಲ ಇಲ್ಲೇ ಹೋಗುತ್ತದೆ. ಕಡ್ಡಿಯನ್ನು ಬಿಸಿನೀರಿಗೆ ಅದ್ದಿ ಹದ ಮಾಡದೆ ನೇರವಾಗಿ ಇಟ್ಟರೆ ಅಜ್ಜಿಯ ತುಟಿ ಸುಡುತ್ತದೆ. ಸುಟ್ಟ ಅಜ್ಜಿ ಮತ್ತೆ ಬರುವುದಿಲ್ಲ. ಅಂಚು ಸರಿ ಕೂತಮೇಲೆ ಪೇಸ್ಟ್ ಹಚ್ಚಿ ಕೊನೆಯ ಅಚ್ಚು. ಅದಕ್ಕೆ ಹುಯ್ಯುವುದು ಡೆಂಟಲ್ ಸ್ಟೋನ್ ಎಂಬ ಗಟ್ಟಿ ಪ್ಲಾಸ್ಟರ್, 100 ಗ್ರಾಂ ಪುಡಿಗೆ 28ರಿಂದ 30 ಎಂಎಲ್ ನೀರು. ಬೇಗ ಹರಿಯಲಿ ಎಂದು ಕಣ್ಣಳತೆಯಲ್ಲಿ ನೀರು ಹೆಚ್ಚು ಹಾಕಿದರೆ ಅಚ್ಚು ಉದುರುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ.

ಮೂರನೇ ಸಲ ಮೇಣದ ಕಟ್ಟೆ ಇಟ್ಟು ದವಡೆಗಳ ಎತ್ತರ ಗೊತ್ತುಮಾಡುವುದು. ಮೇಲಿನ ಕಟ್ಟೆ ಮುಂಭಾಗದಲ್ಲಿ ಸುಮಾರು 22 ಮಿಲಿಮೀಟರ್, ಕೆಳಗಿನದು 18. ಬಾಯಿ ಸುಮ್ಮನಿದ್ದಾಗ ಎರಡರ ನಡುವೆ 2ರಿಂದ 4 ಮಿಲಿಮೀಟರ್ ಬಿಡುವಿರಬೇಕು. ಬಿಡುವು ಇಲ್ಲದಿದ್ದರೆ ಹೊಸ ಹಲ್ಲು ಮಾತಾಡುವಾಗ ಲಟಲಟ ಎನ್ನುತ್ತದೆ, ಸಂಜೆಯ ಹೊತ್ತಿಗೆ ದವಡೆ ನೋಯುತ್ತದೆ. ಆಮೇಲೆ ಒಂದಿಡೀ ಸಂಜೆ ಲ್ಯಾಬಿನಲ್ಲಿ ಕೂತು ಹಲ್ಲು ಜೋಡಿಸಬೇಕು. ನಾಲ್ಕನೇ ಸಲ ಆ ಮೇಣದ ಸೆಟ್ಟನ್ನು ಬಾಯಿಗಿಟ್ಟು ನೋಡುವುದು. ಹಲ್ಲು ಜೋಡಿಸಿದ ಮೇಣವನ್ನು ಏಪ್ರಿಲ್ ಬಿಸಿಲಲ್ಲಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ಹಾಸ್ಟೆಲಿಗೂ ಕಾಲೇಜಿಗೂ ಓಡಾಡಿದರೆ ಹಲ್ಲುಗಳು ಅರ್ಧರ್ಧ ಮಿಲಿಮೀಟರ್ ಜರುಗಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಬಾಯಿಗಿಟ್ಟಾಗ ಕಚ್ಚು ಕೂಡುವುದಿಲ್ಲ. ಬಟ್ಟಲು ತಣ್ಣೀರಿನಲ್ಲಿ ಮುಳುಗಿಸಿ ಲ್ಯಾಬಿನಲ್ಲೇ ಇಡಿ, ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ.

ಪರೀಕ್ಷಿಸಿ ನೋಡಿದ್ದು ಒಪ್ಪಿಗೆಯಾದರೆ ಮೇಣ ಕರಗಿಸಿ, ಅಕ್ರಿಲಿಕ್ ಹಿಟ್ಟು ತುಂಬಿ ಬೇಯಿಸುವುದು. ಪುಡಿ ಮೂರು ಭಾಗಕ್ಕೆ ದ್ರವ ಒಂದು ಭಾಗ. 74 ಡಿಗ್ರಿಯಲ್ಲಿ ಎರಡು ಗಂಟೆ, ಆಮೇಲೆ 100 ಡಿಗ್ರಿಯಲ್ಲಿ ಒಂದು ಗಂಟೆ. ಇಲ್ಲಿ ಆತುರ ಪಟ್ಟು ಮೊದಲೇ ಕುದಿಸಿದರೆ ಒಳಗಿನ ದ್ರವ ಆವಿಯಾಗಿ ದಪ್ಪ ಇರುವ ಕಡೆಯೆಲ್ಲ ಸಣ್ಣಸಣ್ಣ ತೂತು ಬೀಳುತ್ತವೆ. ಬೆಂದಮೇಲೆ ಫ್ಲಾಸ್ಕನ್ನು (ಹಿಟ್ಟು ತುಂಬಿದ ಲೋಹದ ಅಚ್ಚುಪೆಟ್ಟಿಗೆಯನ್ನು) ತಾನಾಗಿ ಆರಲು ಬಿಡದೆ ನಲ್ಲಿ ನೀರಿಗೆ ಹಿಡಿದರೆ ಸೆಟ್ಟು ಸೊಟ್ಟಗಾಗುತ್ತದೆ. ಐದನೇ ಸಲ ಹಲ್ಲು ಕೊಡುವುದು, 24 ಗಂಟೆ ಬಿಟ್ಟು ಒತ್ತಿದ ಜಾಗ ನೋಡಿ ತೇಯುವುದು, ವಾರದ ಮೇಲೆ ಇನ್ನೊಮ್ಮೆ. ಒಟ್ಟು ಏಳು ಭೇಟಿ. ಪ್ರತಿ ಹಂತಕ್ಕೂ ಒಂದು ಸೈನ್. ನಡುವೆ ಎಲ್ಲಿ ತಪ್ಪಿದರೂ ಹಿಂದಿನ ಹಂತಕ್ಕೆ ವಾಪಸ್ಸು, ಅಂದರೆ ಇನ್ನೊಂದು ಭೇಟಿ.

ಈಗ ಆ ಏಳು ಭೇಟಿಗೆ ಬರಬೇಕಾದವರು ಯಾರು ನೋಡಿ. ಶ್ರೀರಂಗಪಟ್ಟಣ, ಮದ್ದೂರು, ನಂಜನಗೂಡು, ತಿ. ನರಸೀಪುರದ ಕಡೆಯ ಅರವತ್ತು ದಾಟಿದವರು. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ‘ಈ ವಾರ ಆಗಾಕಿಲ್ಲ ಕಣವ್ವ, ನಾಟಿ ಐತೆ’ ಎಂಬ ಉತ್ತರ ಬರುತ್ತದೆ. ಗೌರಿ ಗಣೇಶ ಆದ ಮೇಲೆ ಪಿತೃಪಕ್ಷ, ಅದರ ಬೆನ್ನಿಗೇ ದಸರಾ. ಜಂಬೂಸವಾರಿ ಮುಗಿಯುವವರೆಗೆ ನಗರದ ಬಸ್ಸುಗಳಲ್ಲಿ ವಯಸ್ಸಾದವರು ಕಾಲಿಡಲಾಗುವುದಿಲ್ಲ. ಆಮೇಲೆ ಭತ್ತದ ಕೊಯ್ಲು, ಕಬ್ಬು ಕಟಾವು. ಸಂಕ್ರಾಂತಿ ಆಸುಪಾಸಿನಲ್ಲಿ ಸುತ್ತೂರು ಜಾತ್ರೆ, ಬೇಸಿಗೆಯ ಶುರುವಿನಲ್ಲಿ ಮೇಲುಕೋಟೆ ವೈರಮುಡಿ, ನಂಜನಗೂಡಿನ ದೊಡ್ಡ ತೇರು, ಊರೂರಿನ ಮಾರಿಹಬ್ಬ. ಇವೆಲ್ಲ ಕ್ಯಾಲೆಂಡರಿನಲ್ಲಿ ಮೊದಲೇ ಇವೆ. ಆದರೂ ವಿದ್ಯಾರ್ಥಿ ಜೂನ್‌ನಲ್ಲಿ ಕೂತು ಇದನ್ನು ಲೆಕ್ಕ ಹಾಕುವುದಿಲ್ಲ. ಫೆಬ್ರವರಿಯಲ್ಲಿ ಕೋಟಾ ಪುಸ್ತಕ ತೆರೆದು ಖಾಲಿ ಗೆರೆಗಳನ್ನು ನೋಡಿ ತನ್ನನ್ನೇ ಬೈದುಕೊಳ್ಳುತ್ತಾನೆ.

ರೋಸಿಹೋಗುವ ಹಾದಿ ಅಲ್ಲಿಂದ ಇಳಿಜಾರು. ಮೊದಲು ನಿದ್ದೆ ಕಡಿಮೆಯಾಗುತ್ತದೆ. ರಾತ್ರಿ ಒಂದು ಗಂಟೆಗೆ ಹಲ್ಲು ಜೋಡಿಸಿದವನ ಕೈ ಬೆಳಿಗ್ಗೆ ನಡುಗುತ್ತದೆ, ಕೆಲಸ ಕೆಡುತ್ತದೆ, ಸೈನ್ ಸಿಗುವುದಿಲ್ಲ, ಅದನ್ನು ಮತ್ತೆ ರಾತ್ರಿ ಮಾಡಬೇಕು. ಎರಡನೆಯದು ದುಡ್ಡು. ರೋಗಿಯ ಬಸ್ ಚಾರ್ಜು, ತಿಂಡಿ, ಕೆಲವು ಸಲ ಹಲ್ಲಿನ ಫೀಸನ್ನೂ ವಿದ್ಯಾರ್ಥಿಯೇ ಕೈಯಿಂದ ಕಟ್ಟುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಮನೆಯಲ್ಲಿ ಸಾಲ ಮಾಡಿ ಫೀಸು ಕಟ್ಟಿರುವ ಹುಡುಗ ಅದನ್ನು ಅಪ್ಪನಿಗೆ ಹೇಳಲಾರ. ಮೂರನೆಯದು ರೋಗಿಯ ಮುಂದೆಯೇ ಬೈಸಿಕೊಳ್ಳುವುದು. ಬಾಯಿ ತೆರೆದು ಮಲಗಿದವರ ಎದುರಿಗೆ ‘ನಿನಗೆ ಇದೂ ಬರಲ್ವಾ’ ಎಂದು ಕೇಳಿಸಿಕೊಂಡ ಮೇಲೆ ಆ ರೋಗಿಯ ನಂಬಿಕೆಯನ್ನು ಮರಳಿ ಪಡೆಯುವುದು ಎಷ್ಟು ಕಷ್ಟ ಎಂದು ಬೈದವರು ಯೋಚಿಸಬೇಕು. ಬೈಯಲೇಬೇಕೆಂದಿದ್ದರೆ ರೋಗಿ ಎದ್ದುಹೋದ ಮೇಲೆ ಬೈಯಲಿ. ಸೈನ್ ಹಾಕುವ ನಾವು ನಮಗೇ ಹಾಕಿಕೊಂಡಿರುವ ಮೊದಲ ನಿಯಮ ಇದು. ಇದರ ಜೊತೆಗೆ ಮದುವೆಮನೆಯಲ್ಲಿ ನೆಂಟರು ಕೇಳುವ ‘ಯಾಕಪ್ಪ, ಎಂಬಿಬಿಎಸ್ ಸಿಗ್ಲಿಲ್ವಾ?’ ಎಂಬ ಪ್ರಶ್ನೆ. ನೀಟ್‌ನಲ್ಲಿ ಕೆಲವೇ ಅಂಕ ಕಡಿಮೆಯಾಗಿ ಇಲ್ಲಿಗೆ ಬಂದವರಿಗೆ ಅದು ಮಾಯದ ಗಾಯ.

ಹೊರಗಿನಿಂದ ಕಾಣುವ ಗುರುತುಗಳು ಇವು. ಬೆಳಿಗ್ಗೆ ರೋಗಿ ಬರುವುದಿಲ್ಲ ಎಂದು ಫೋನ್ ಬಂದಾಗ ಬೇಸರದ ಬದಲು ಹಾಯೆನ್ನಿಸುವುದು. ಮೂರು ದಿನದಿಂದ ಒಂದೇ ಪುಟ ತೆರೆದಿರುವುದು. ಇನ್‌ಸ್ಟ್ರುಮೆಂಟ್ ಟ್ರೇಯನ್ನು ಕುಕ್ಕಿ ಇಡುವುದು. ಮಾಡದ ಹಂತಕ್ಕೆ ಸುಳ್ಳು ಸೈನ್ ಹಾಕಿಸುವ ಯೋಚನೆ ಬರುವುದು. ಒಳ್ಳೆಯ ಮಕ್ಕಳಿಗೂ ಆ ಯೋಚನೆ ಬರುತ್ತದೆ, ಬಂದದ್ದಕ್ಕೆ ಅವರು ಕೆಟ್ಟವರಾಗುವುದಿಲ್ಲ. ಭಾರ ಅಳತೆ ಮೀರಿದೆ ಎಂದು ಅದರ ಅರ್ಥ, ಆಗ ಯಾರಾದರೂ ಪಕ್ಕದಲ್ಲಿ ಕೂತು ಪುಸ್ತಕ ತೆರೆಸಿ ಲೆಕ್ಕ ಹಾಕಿಸಬೇಕು.

ಕಾಲೇಜುಗಳು ಇದಕ್ಕೆ ಮಾಡುವ ಉಪಾಯ ಸಾಮಾನ್ಯವಾಗಿ ಅರ್ಧ ದಿನದ ಒತ್ತಡ ನಿರ್ವಹಣೆ ಕಾರ್ಯಕ್ರಮ. ಪ್ರಾಣಾಯಾಮ ಒಳ್ಳೆಯದು, ಬೇಡವೆನ್ನುವುದಿಲ್ಲ. ಆದರೆ ಅರ್ಧ ದಿನದ ಕ್ಲಿನಿಕ್ ಕಳೆದುಕೊಂಡ ವಿದ್ಯಾರ್ಥಿಗೆ ಅರ್ಧ ದಿನದ ಕೋಟಾ ಬಾಕಿ ಉಳಿಯುತ್ತದೆ. ತಾಳಿಕೊಳ್ಳುವ ಶಕ್ತಿ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರ ಬಹುಪಾಲು ಮನಸ್ಸಿನಲ್ಲಿಲ್ಲ, ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಉತ್ಪ್ರೇಕ್ಷೆಯೆನ್ನಿಸಬಹುದು, ಆದರೆ ವರ್ಷದಿಂದ ವರ್ಷಕ್ಕೆ ನೋಡಿ ಹೇಳುತ್ತಿದ್ದೇವೆ.

ಆ ನೋಟ್‌ಬುಕ್ ಮಾಡುವ ಕ್ರಮ ಹೀಗೆ. ಒಬ್ಬ ರೋಗಿಗೆ ಒಂದು ಪುಟ. ಮೇಲೆ ಹೆಸರು, ಊರು, ಮನೆಯಲ್ಲಿ ಫೋನ್ ಎತ್ತುವವರು ಯಾರು. ಅಜ್ಜಿಯ ನಂಬರಿಗಿಂತ ಮೊಮ್ಮಗಳ ನಂಬರು ಉಪಯೋಗಕ್ಕೆ ಬರುತ್ತದೆ. ಯಾವ ಬಸ್ಸಿಗೆ ಅಥವಾ ರೈಲಿಗೆ ಬರುತ್ತಾರೆ, ವಾಪಸ್ ಹೋಗುವ ಬಸ್ಸು ಎಷ್ಟೊತ್ತಿಗೆ. ಮಂಡ್ಯದಿಂದ ಬರುವವರು ಮೂರು ಗಂಟೆಗೆ ಬಿಟ್ಟರೆ ಕತ್ತಲಾಗುವ ಮುಂಚೆ ಮನೆ ಸೇರುತ್ತಾರೆ, ನಾಲ್ಕೂವರೆವರೆಗೆ ಕೂರಿಸಿಕೊಂಡರೆ ಮುಂದಿನ ಸಲ ಅವರನ್ನು ಮನೆಯವರೇ ಕಳಿಸುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಇದ್ದರೆ ಕೆಂಪು ಶಾಯಿಯಲ್ಲಿ. ಕೆಳಗೆ ಹಂತಗಳು, ದಿನಾಂಕ, ಯಾರ ಸೈನ್ ಬಾಕಿ. ಪುಟದ ಕೊನೆಯ ಗೆರೆಯಲ್ಲಿ ಹಲ್ಲಿಗೆ ಸಂಬಂಧಪಡದ ಒಂದು ಮಾತು: ಹಸು ಕರು ಹಾಕಿದೆ, ಮಗಳ ಮದುವೆ ಗೊತ್ತಾಗಿದೆ, ಕಡ್ಡಿಪುಡಿ ಬಿಡಲು ನೋಡುತ್ತಿದ್ದಾರೆ. ಮುಂದಿನ ಭೇಟಿಯಲ್ಲಿ ‘ಕರು ಹೇಗಿದೆ ಅಜ್ಜಿ?’ ಎಂದು ಕೇಳಿದರೆ ಅಜ್ಜಿ ತಪ್ಪದೆ ಬರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕೇಳಿದವನಿಗೆ 36ರ ಹಿಂದೆ ಮತ್ತೆ ಒಂದು ಮುಖ ಕಾಣುತ್ತದೆ. ಈ ಪುಸ್ತಕ ನಿಮ್ಮ ಬೀರುವಿನಲ್ಲಿರಲಿ. ಅದರ ಫೋಟೋ ತೆಗೆದು ಗುಂಪಿಗೆ ಹಾಕಬೇಡಿ, ಅದು ಇನ್ನೊಬ್ಬರ ಮನೆಯ ವಿಷಯ.

ಕೋಟಾದ ಒಂದೊಂದು ಕೆಲಸಕ್ಕೆ ಎರಡು ರೋಗಿ ಎಂದು ಹಿಡಿಯಿರಿ, ಏಳು ಭೇಟಿಯ ಸೆಟ್ಟಿಗೆ ಮೂರು. ಹೆಚ್ಚಾದವರನ್ನು ಕೈಬಿಡುವುದಲ್ಲ, ಜೊತೆಯವರಿಗೆ ಒಪ್ಪಿಸುವುದು. ಸೆಟ್ಟಿನ ಕೇಸನ್ನು ಆ ವಿಭಾಗದ ಪೋಸ್ಟಿಂಗಿನ (ಸರದಿಯ) ಮೊದಲ ವಾರದಲ್ಲೇ ಶುರು ಮಾಡಿ, ಒಂದೇ ಭೇಟಿಯಲ್ಲಿ ಮುಗಿಯುವ ಕ್ಲೀನಿಂಗ್, ಹಲ್ಲು ಕೀಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ ಉಲ್ಟಾ ಮಾಡುತ್ತಾರೆ, ಬೇಗ ಸೈನ್ ಸಿಗುವುದನ್ನು ಮೊದಲು ಮುಗಿಸಿ ನೆಮ್ಮದಿ ಪಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ತರಲು ಹೇಳಿ, ಅಜ್ಜಿಯರಿಗೆ ಬಸ್ ಚಾರ್ಜು ಕೊಡುವ ಪ್ರಸಂಗ ಬರುವುದಿಲ್ಲ. ಬಿಪಿಎಲ್ ಕಾರ್ಡಿಗೆ ನಿಮ್ಮ ಆಸ್ಪತ್ರೆಯಲ್ಲಿ ರಿಯಾಯಿತಿ ಉಂಟೇ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಕೈಯಿಂದ ಕಟ್ಟಿದ ದುಡ್ಡನ್ನು ತಿಂಗಳಿಗೊಮ್ಮೆ ಕೂಡಿ ಬರೆಯಿರಿ. ಆ ಮೊತ್ತವನ್ನು ಬ್ಯಾಚಿನವರೆಲ್ಲ ಸೇರಿ ವಿಭಾಗದ ಮುಖ್ಯಸ್ಥರ ಮುಂದಿಟ್ಟರೆ ಮಾತುಕತೆ ಶುರುವಾಗುತ್ತದೆ. ಒಬ್ಬೊಬ್ಬರೇ ಹೋದರೆ ಅದು ದೂರು ಅನ್ನಿಸಿಕೊಳ್ಳುತ್ತದೆ.

ಲ್ಯಾಬಿನ ಕೆಲಸಕ್ಕೆ ನಾಲ್ಕು ಜನರ ಗುಂಪು ಸಾಕು. ಒಬ್ಬರು ಪ್ಲಾಸ್ಟರ್ ಕಲಸುವುದು, ಒಬ್ಬರು ಮೇಣ ಕಾಯಿಸುವುದು, ಒಬ್ಬರು ಬೇಯಿಸುವ ತೊಟ್ಟಿಯ ಹೊತ್ತು ನೋಡುವುದು. ಹಲ್ಲು ಜೋಡಿಸುವುದನ್ನು ಮಾತ್ರ ಅವರವರೇ ಮಾಡಿಕೊಳ್ಳಬೇಕು, ಏಕೆಂದರೆ ಪರೀಕ್ಷೆಯಲ್ಲಿ ಅದನ್ನು ಒಬ್ಬರೇ ಕೂತು ಮಾಡಬೇಕು. ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಅಚ್ಚು ತೆಗೆದವರಿಗೆ ಗುಂಪು ಬಹಳ ಉಪಕಾರಿ. ಹತ್ತು ಹನ್ನೆರಡು ನಿಮಿಷದೊಳಗೆ ಪ್ಲಾಸ್ಟರ್ ಹುಯ್ಯದಿದ್ದರೆ ಅಚ್ಚು ನೀರು ಬಿಟ್ಟು ಕುಗ್ಗುತ್ತದೆ. ನೀವು ರೋಗಿಯ ಮುಖ ಒರೆಸಿ, ಬಸ್ಸಿನ ಹೊತ್ತು ಕೇಳಿ ಕಳಿಸುವಷ್ಟರಲ್ಲಿ ಇನ್ನೊಬ್ಬರು ಹುಯ್ದಿರುತ್ತಾರೆ. ಗುಂಪಿನಲ್ಲಿ ಕೂತಾಗ ಮಾತು ತಾನಾಗಿ ಬರುತ್ತದೆ, ಯಾರು ಮೂರು ದಿನದಿಂದ ಸುಮ್ಮನಿದ್ದಾರೆ ಎಂಬುದೂ ಗೊತ್ತಾಗುತ್ತದೆ.

ಮೈಕೈ ನೋವನ್ನು ಬಹಳ ಜನ ಬರ್ನ್‌ಔಟ್‌ನ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ತಪ್ಪು. ಕುತ್ತಿಗೆ ನೋಯುವವನಿಗೆ ಸಂಜೆ ಓದಲಾಗುವುದಿಲ್ಲ, ಓದದವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ರೋಗಿಯ ಬಾಯಿ ನಿಮ್ಮ ಮೊಣಕೈ ಮಟ್ಟಕ್ಕಿರಬೇಕು. ಬಲಗೈಯವರು ಗಡಿಯಾರದ ಒಂಬತ್ತರಿಂದ ಹನ್ನೆರಡರ ನಡುವೆ ಕೂರಬೇಕು, ರೋಗಿಯ ತಲೆ ಹನ್ನೆರಡು. ಮೇಲಿನ ಹಲ್ಲಿಗೆ ಚೇರನ್ನು ಪೂರ್ತಿ ಮಲಗಿಸಿ, ಕನ್ನಡಿಯಲ್ಲಿ ನೋಡಿ ಕೆಲಸ ಮಾಡಿ. ಕನ್ನಡಿಯಲ್ಲಿ ಕೈ ಉಲ್ಟಾ ಓಡುತ್ತದೆ ಎಂದು ಹೊಸಬರು ಬಗ್ಗಿ ನೇರವಾಗಿ ನೋಡಲು ಹೋಗುತ್ತಾರೆ. ಹದಿನೈದು ದಿನ ಫ್ಯಾಂಟಮ್ ತಲೆಯ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ ಕನ್ನಡಿಯಲ್ಲಿ ಮಾತ್ರ ಕೆಲಸ ಮಾಡಿದರೆ ಕೈಗೆ ಅಭ್ಯಾಸವಾಗುತ್ತದೆ. ಎದ್ದೇಳುವ ಹೊತ್ತು ಭಾನುವಾರವೂ ಒಂದೇ ಇರಲಿ. ಕಾಫಿ ಮಧ್ಯಾಹ್ನ ಮೂರಕ್ಕೆ ಕೊನೆ, ಏಕೆಂದರೆ ಕುಡಿದ ಕೆಫೀನಿನ ಅರ್ಧ ಐದು ಗಂಟೆ ಕಳೆದರೂ ಮೈಯಲ್ಲಿರುತ್ತದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದರೆ ಸಾಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಮಾರನೆಯ ದಿನ ಕಾಲು ಹಿಡಿದುಕೊಂಡು ಕ್ಲಿನಿಕ್ಕಿಗೆ ಬರುವುದರಲ್ಲಿ ಲಾಭವಿಲ್ಲ.

ಒಂದು ವಿಷಯದಲ್ಲಿ ಬಹಳ ಎಚ್ಚರ ಬೇಕು. ಔಷಧಿಯ ಹೆಸರು ಗೊತ್ತಿರುವುದರಿಂದ, ನಿದ್ದೆ ಮಾತ್ರೆಯನ್ನೋ ಗಾಬರಿಯ ಮಾತ್ರೆಯನ್ನೋ ತಾವೇ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಬೇಗ ಬೆಳೆಯುತ್ತದೆ. ಆಲ್ಪ್ರಜೊಲಾಮ್ ಎಂಬ ಗಾಬರಿಯ ಮಾತ್ರೆಯನ್ನು ನಾಲ್ಕಾರು ವಾರ ದಿನಾ ತೆಗೆದುಕೊಂಡು ತಟ್ಟನೆ ನಿಲ್ಲಿಸಿದರೆ ಗಾಬರಿ ಮೊದಲಿಗಿಂತ ಜೋರಾಗಿ ಬರುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ ಮಾನಸಿಕ ವೈದ್ಯರ ಹತ್ತಿರ ಹೋಗಿ, ಅವರು ಮೆಲ್ಲಮೆಲ್ಲನೆ ಇಳಿಸಿ ಬಿಡಿಸುತ್ತಾರೆ.

ರೋಸಿಹೋಗುವುದಕ್ಕೂ ಖಿನ್ನತೆಗೂ ಗೆರೆ ಎಳೆಯುವುದು ಕಷ್ಟ, ಆದರೆ ಒಂದು ಪರೀಕ್ಷೆ ಉಂಟು. ರಜೆಗೆ ಊರಿಗೆ ಹೋಗಿ ನಾಲ್ಕು ದಿನ ಕಳೆದರೆ ಕ್ಲಿನಿಕ್ಕಿನ ಭಾರ ಇಳಿಯಬೇಕು. ಊರಿನಲ್ಲೂ ಅಮ್ಮ ಬಡಿಸಿದ ಊಟ ಸೇರದಿದ್ದರೆ, ಗೆಳೆಯರ ಫೋನ್ ಎತ್ತಲು ಮನಸ್ಸಾಗದಿದ್ದರೆ, ಎರಡು ವಾರ ದಾಟಿದರೂ ಹಾಗೇ ಇದ್ದರೆ ಅದು ಕೋಟಾದ ಮಾತಾಗಿ ಉಳಿದಿಲ್ಲ. ಸತ್ತರೆ ಸಾಕು ಎಂಬ ಯೋಚನೆ ಒಮ್ಮೆ ಬಂದರೂ ಅಂದೇ ಯಾರಿಗಾದರೂ ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸರೆಯಾಗಿದೆ. ರೂಮ್‌ಮೇಟ್ ಹಾಗೆ ಹೇಳಿದರೆ ‘ಏನೂ ಆಗಲ್ಲ ಬಿಡೋ’ ಎನ್ನಬೇಡಿ. ಅವನ ಜೊತೆ ಕೂತುಕೊಳ್ಳಿ, ಆ ರಾತ್ರಿ ಒಬ್ಬನೇ ಬಿಡಬೇಡಿ, ನೀವೇ ನಂಬರ್ ಒತ್ತಿ ಫೋನ್ ಅವನ ಕೈಗೆ ಕೊಡಿ.

ಪ್ರಾಕ್ಟಿಕಲ್ ಪರೀಕ್ಷೆಯ ವಾರ ಬೇರೆಯದೇ ಭಯ. ಪರೀಕ್ಷೆಗೆ ಕೂರಿಸಿದ ರೋಗಿ ಬೆಳಿಗ್ಗೆ ಎಂಟಕ್ಕೆ ಬಾರದಿದ್ದರೆ ವರ್ಷದ ಓದು ಕೈಯಲ್ಲಿ ಹಿಡಿದುಕೊಂಡು ನಿಂತಂತಾಗುತ್ತದೆ. ಒಬ್ಬರ ಬದಲು ಮೂವರಿಗೆ ಹೇಳಿ, ಅವರಲ್ಲಿ ಒಬ್ಬರಾದರೂ ಮೈಸೂರಿನೊಳಗಿನವರಿರಲಿ. ಹಿಂದಿನ ದಿನ ಸಂಜೆ ಫೋನ್, ಬೆಳಿಗ್ಗೆ ಆರಕ್ಕೆ ಮತ್ತೊಂದು. ತಿಂಡಿ ತಿಂದು ಬರಲು ಹೇಳಿ. ಖಾಲಿ ಹೊಟ್ಟೆಯಲ್ಲಿ ಸೂಜಿ ಚುಚ್ಚಿಸಿಕೊಂಡ ರೋಗಿ ತಲೆಸುತ್ತಿ ಬಿದ್ದರೆ ಪರೀಕ್ಷಕರ ಮುಂದೆ ನಿಮ್ಮ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಬಾರದ ರೋಗಿಗೆ ಬದಲು ಒಬ್ಬರನ್ನು ಜೊತೆಯವರಿಂದ ಕೇಳಿ ಪಡೆಯಲು ನಾಚಿಕೆ ಬೇಡ, ಆ ನೂರು ಪುಟದ ಪುಸ್ತಕವನ್ನು ಒಬ್ಬೊಬ್ಬರೂ ಬರೆದಿಟ್ಟುಕೊಂಡ ಗುಂಪಿಗೆ ಇದು ಕಷ್ಟವಾಗುವುದಿಲ್ಲ.

ಪರೀಕ್ಷೆ ಮುಗಿದ ಮಾರನೆಯ ವಾರ, ರಿಸಲ್ಟ್ ಬರುವ ಮುಂಚೆ, ಒಂದು ಕೆಲಸ ಉಳಿದಿರುತ್ತದೆ. ಅರ್ಧಕ್ಕೆ ನಿಂತ ರೋಗಿಗಳು. ಎರಡನೇ ಭೇಟಿಯಲ್ಲಿ ನಿಂತ ಸೆಟ್ಟು, ತಾತ್ಕಾಲಿಕ ಸಿಮೆಂಟ್ ತುಂಬಿ ಬಿಟ್ಟ ಹಲ್ಲು. ಸೈನ್ ಸಿಕ್ಕ ಮೇಲೆ ಅವರ ಫೋನ್ ಎತ್ತದಿರುವುದು ಸುಲಭ, ಹಾಗೆ ಮಾಡುವವರು ಇದ್ದಾರೆ. ಪುಟ ತಿರುವಿ, ಒಬ್ಬೊಬ್ಬರಿಗೂ ಫೋನ್ ಮಾಡಿ, ಮುಂದಿನ ಬ್ಯಾಚಿನ ಯಾರು ಅವರನ್ನು ನೋಡುತ್ತಾರೆಂದು ಹೇಳಿ, ಒಪ್ಪಿಗೆ ಕೇಳಿ. ಒಪ್ಪಿದವರ ಪುಟವನ್ನು ಕೈಬರಹದಲ್ಲಿ ನಕಲು ಮಾಡಿ ಜೂನಿಯರ್‌ಗೆ ಕೊಡಿ, ಹಸುವಿನ ಕರು ವಿಷಯ ಬರೆದ ಕೊನೆಯ ಗೆರೆಯನ್ನೂ ಸೇರಿಸಿ. ಜೂನ್‌ನಲ್ಲಿ ಮೊದಲ ಸಲ ಕ್ಲಿನಿಕ್ಕಿಗೆ ಕಾಲಿಡುವ ಆ ಮಗುವಿಗೆ, ಮೊದಲ ವಾರದಲ್ಲೇ ಶುರು ಮಾಡಬೇಕಾದ ಸೆಟ್ಟಿನ ರೋಗಿ ಹೀಗೆ ಸಿಗುತ್ತಾರೆ.